ಆಷಾಢದ ಒಂದು ಶುಕ್ರವಾರಕ್ಕಾಗಿ

ನನ್ನ ಎಚ್‌ಬಿಎ1ಸಿ 6.1ಕ್ಕೆ ಬಂದಿತ್ತು, ತೂಕ 72 ಕೆ.ಜಿ. ಈ ಪರೀಕ್ಷೆಯಲ್ಲಿ 5.7ರಿಂದ 6.4ರವರೆಗೆ ಬಂದರೆ ಶುಗರ್ ಬಾರ್ಡರ್‌ನಲ್ಲಿದೆ ಅನ್ನುತ್ತಾರೆ. "ಐದು ಕೆ.ಜಿ. ಇಳಿಸಿ ಸಾಕಮ್ಮ" ಎಂದ ಡಾಕ್ಟರು ಆ ಲೆಕ್ಕದ ಮೂಲವನ್ನೂ ಹೇಳಿದರು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ನನ್ನಂಥವರಿಗೆ ಶೇ. 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಿದ್ದರಂತೆ. ಅವರಲ್ಲಿ ಮಧುಮೇಹದ ಸಾಧ್ಯತೆ ಶೇ. 58ರಷ್ಟು ತಗ್ಗಿತ್ತು.

ಎಷ್ಟು ಭರವಸೆಯ ಮಾತು! ಆದರೂ ಸಂಜೆ ನಾನು ಕೆಲಸ ಮಾಡುವ ಬ್ಯಾಂಕಿನ ಎದುರಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಎಣ್ಣೆಗೆ ಬಿದ್ದ ಹೊತ್ತಿಗೆ ಯಾವ ಶೇಕಡಾವಾರೂ ನೆನಪಿಗೆ ಬರುವುದಿಲ್ಲ. ಬಜ್ಜಿ ಈಗಲೇ ಸಿಗುತ್ತದೆ, ಆರೋಗ್ಯ ಎಂದೋ ಸಿಗುವಂಥದ್ದು. ದೂರದ ಲಾಭಕ್ಕೆ ಮನಸ್ಸು ಬೆಲೆ ಕಡಿಮೆ ಕಟ್ಟುತ್ತದೆ.

ನನಗೆ ದಾರಿ ತೋರಿಸಿದವರು ಆಹಾರ ತಜ್ಞೆ. ಡಯಟ್ ಚಾರ್ಟ್ ಬರೆಯುವ ಮೊದಲೇ ಕೇಳಿದರು: "ಮುಂದಿನ ವರ್ಷ ಏನು ಮಾಡೋ ಆಸೆ ಇದೆ ಮೇಡಂ? ಸಣ್ಣಗಾಗಬೇಕು ಅನ್ನೋದು ಬೇಡ, ಒಂದು ದಿನ ಹೇಳಿ." ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಬೇಕು ಎಂದೆ. ಯಾವತ್ತು, ಎಷ್ಟು ಹೊತ್ತಿಗೆ, ಯಾರ ಜೊತೆ ಎಂದು ಬಿಡದೆ ಕೇಳಿದರು. ಹೇಳುತ್ತಾ ಹೋದಂತೆ ಆ ದಿನ ಕಣ್ಣೆದುರು ಬಂತು. ಆಷಾಢ ಶುಕ್ರವಾರ, ಇನ್ನೂ ಪೂರ್ತಿ ಬೆಳಕಾಗಿಲ್ಲ. ತುಂತುರಿಗೆ ಮೆಟ್ಟಿಲು ಒದ್ದೆಯಾಗಿವೆ. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಏರುತ್ತಿರುವ ಹೆಂಗಸರು. ಪಕ್ಕದಲ್ಲಿ ಮಗಳು. ನಂದಿಯ ಹತ್ತಿರ ಬಂದಾಗಲೂ ಅವಳೊಡನೆ ಮಾತಾಡುವಷ್ಟು ಉಸಿರು ನನ್ನಲ್ಲಿದೆ.

ಅದನ್ನು ನನ್ನದೇ ದನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ, ಬಜ್ಜಿಯ ಹೊತ್ತಿಗೆ ಮುಂಚೆ ಕೇಳಲು ಹೇಳಿದರು. ಬಫಲೋ ವಿಶ್ವವಿದ್ಯಾಲಯದ ಲೆನಾರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದ ಕ್ರಮವೂ ಇದೇ. ತಮ್ಮ ಮುಂದಿನ ದಿನಗಳ ಬಗ್ಗೆ ತಾವೇ ಹೇಳಿದ್ದನ್ನು ಕೇಳಿಸಿಕೊಂಡ ಹೆಚ್ಚು ತೂಕದ ಹೆಂಗಸರು, ತಿಂಡಿ ಎದುರಿಗಿದ್ದರೂ ಉಳಿದವರಿಗಿಂತ ಕಡಿಮೆ ತಿಂದರು.

ಹಾಗೆಂದು ಬರೀ ಸವಿಗನಸು ಕೆಲಸ ಮಾಡದು. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ಥಾಮಸ್ ವಾಡನ್ ಜೊತೆ 1991ರಲ್ಲಿ ಬರೆದದ್ದನ್ನು ಓದಿ ನಾನು ಬೆರಗಾದೆ. ತೂಕ ಇಳಿಸುವ ಕಾರ್ಯಕ್ರಮ ಸೇರಿದ್ದ ಹೆಂಗಸರಲ್ಲಿ, ತೆಳ್ಳಗಾದ ತಮ್ಮನ್ನು ಅತಿ ಸೊಗಸಾಗಿ ಕಲ್ಪಿಸಿಕೊಂಡವರೇ ಕಡಿಮೆ ತೂಕ ಇಳಿಸಿದ್ದರು! ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಕಾಣಬೇಕೆಂದು ಓಟಿಂಗನ್ ಮುಂದೆ ಹೇಳುತ್ತಾ ಬಂದರು. ಆದ್ದರಿಂದ ರೆಕಾರ್ಡಿಂಗ್ ಕೊನೆಗೆ ಒಂದು ಸಾಲು ಸೇರಿಸಿದೆ: "ಬಜ್ಜಿ ವಾಸನೆ ಬಂದರೆ ಡಬ್ಬಿಯ ಹುರಿಗಡಲೆ ತಿಂದು, ಹಿಂದಿನ ಗೇಟಿನಿಂದ ಹೊರಟು ನಡೆದೇ ಮನೆಗೆ ಹೋಗುತ್ತೇನೆ." ಇಡೀ ರೆಕಾರ್ಡಿಂಗ್‌ನಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಸಾಲೇ ಎಂದು ನನ್ನ ನಂಬಿಕೆ. ರಾತ್ರಿಯ ಅನ್ನ ಅರ್ಧಕ್ಕಿಳಿಸುವುದು ಬಜ್ಜಿ ಬಿಡುವುದಕ್ಕಿಂತ ಸುಲಭವಾಗಿತ್ತು.

ಡಯಾಲಿಸಿಸ್ ನೆನಪಿಸಿ ಹೆದರಿಸುವವರೂ ಇದ್ದಾರೆ. ಹಾಗೆ ಹೆದರಿಸಿದಾಗ ನನಗೆ ರಿಪೋರ್ಟ್ ಫೈಲನ್ನು ಬೀರುವಿನೊಳಗೆ ತಳ್ಳಬೇಕೆನಿಸುತ್ತದೆ. ಬೆಟ್ಟದ ಚಿತ್ರ ನನ್ನನ್ನು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಗೆ ಕರೆದೊಯ್ಯುತ್ತದೆ.

ಈಗ ತೂಕ 68ರ ಆಸುಪಾಸಿನಲ್ಲಿದೆ, ಎಚ್‌ಬಿಎ1ಸಿ 5.8. ಸಹೋದ್ಯೋಗಿ ಅಕ್ಕ ಒಬ್ಬರು ತಮಗೂ ಹೇಳಿಕೊಡು ಎಂದರು. ಅವರಿಗೆ ಬೆಟ್ಟ ಬೇಡ. ಮಗನ ಮದುವೆಯಲ್ಲಿ ನೆಲದ ಪಂಕ್ತಿಯಲ್ಲಿ ಕೂತು ಉಂಡು, ಯಾರ ಕೈಯನ್ನೂ ಹಿಡಿಯದೆ ಏಳಬೇಕಂತೆ. ಅಡ್ಡಿ ಯಾವುದು ಅಕ್ಕಾ ಎಂದು ಕೇಳಿದೆ. ರಾತ್ರಿ ಟಿವಿ ಮುಂದಿನ ಕೋಡುಬಳೆ ಎಂದರು. ಅಲ್ಲಿಂದಲೇ ಶುರು ಮಾಡಿದ್ದೇವೆ.