ಆದಾಯ ಹಂಚಿಕೆಯ ಗಣಿತ

ಸಂಖ್ಯಾಶಾಸ್ತ್ರದಲ್ಲಿ ವಿದ್ಯಾರ್ಥಿಯು ಮೊದಲು ಕಲಿಯುವುದು ಸರಾಸರಿಯನ್ನು. ಆದರೆ ಆದಾಯದ ವಿಷಯದಲ್ಲಿ ಅದನ್ನೊಂದನ್ನೇ ನೆಚ್ಚಿದವನು ಮೋಸಹೋಗುವುದುಂಟು. ಒಂದು ಬೀದಿಯಲ್ಲಿ ಹತ್ತು ಮನೆಗಳಿವೆಯೆಂದು ಭಾವಿಸೋಣ. ಒಂಬತ್ತು ಮನೆಗಳ ತಿಂಗಳ ವರಮಾನ ತಲಾ 10,000 ರೂಪಾಯಿ, ಹತ್ತನೆಯದರದು 2,10,000. ಸರಾಸರಿ 30,000 ರೂಪಾಯಿ. ಅಷ್ಟು ವರಮಾನವುಳ್ಳ ಮನೆ ಆ ಬೀದಿಯಲ್ಲಿ ಒಂದೂ ಇಲ್ಲ! ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಮಧ್ಯಾಂಕ 10,000; ಅಲ್ಲಿಯ ಬದುಕಿಗೆ ಹತ್ತಿರವಾದದ್ದು ಅದೇ.

ಇಡೀ ಜನಸಮುದಾಯದಲ್ಲಿ ಆದಾಯವು ಯಾವ ಬಗೆಯಾಗಿ ಹಂಚಿಹೋಗಿರುತ್ತದೆ? ಇದಕ್ಕೆ ಪ್ರಸಿದ್ಧವಾದ ಗಣಿತಸೂತ್ರವನ್ನು ನೀಡಿದವನು ಇಟಲಿಯ ವಿಲ್ಫ್ರೆಡೊ ಪರೇಟೊ (1848–1923). ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಈತ 1890ರ ದಶಕದಲ್ಲಿ ಹಲವು ದೇಶಗಳ ತೆರಿಗೆ ದಾಖಲೆಗಳನ್ನು ಪರಿಶೀಲಿಸಿದನು. ಒಂದು ಮಟ್ಟವನ್ನು ಮೀರಿದ ಆದಾಯವುಳ್ಳವರ ಸಂಖ್ಯೆಯು ಆ ಮಟ್ಟದ ಒಂದು ಘಾತಕ್ಕೆ ವಿಲೋಮಾನುಪಾತದಲ್ಲಿರುವುದನ್ನು ಕಂಡನು. ಆತನಿಗೆ ದೊರೆತ ಘಾತಾಂಕ ಸುಮಾರು 1.5. ಅಂದರೆ ಮಟ್ಟವನ್ನು ನಾಲ್ಮಡಿಗೊಳಿಸಿದರೆ, ಅದನ್ನು ಮೀರಿದವರು ಎಂಟನೆಯ ಒಂದು ಪಾಲಿಗೆ ಇಳಿಯುತ್ತಾರೆ. ಘಾತಾಂಕ 2 ಆಗಿದ್ದರೆ ಹದಿನಾರನೆಯ ಒಂದು ಪಾಲಿಗೆ. ಘಾತಾಂಕವು ಕಿರಿದಾದಷ್ಟೂ ತುದಿಯಲ್ಲಿ ಆದಾಯ ಹೆಚ್ಚು ಶೇಖರವಾಗಿದೆಯೆಂದರ್ಥ.

ಈ ಸೂತ್ರವು ಸಿರಿವಂತರ ತುದಿಗೆ ಒಪ್ಪುತ್ತದೆ. ಕೆಳಗಿನ ಬಹುಸಂಖ್ಯಾತರಿಗೆ ಒಪ್ಪುವುದಿಲ್ಲ. 1931ರಲ್ಲಿ ಫ್ರಾನ್ಸಿನ ರೊಬೇರ್ ಜಿಬ್ರಾ ಬೇರೊಂದು ದಾರಿಯನ್ನು ತೋರಿಸಿದನು. ಆದಾಯದ ಏರಿಳಿತವು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ನೂರಕ್ಕೆ ಹತ್ತರ ಹೆಚ್ಚಳವು ಸಾವಿರಕ್ಕೆ ನೂರು, ಲಕ್ಷಕ್ಕೆ ಹತ್ತು ಸಾವಿರ. ಇಂಥ ಅನೇಕ ಆಕಸ್ಮಿಕ ಏರಿಳಿತಗಳು ಕೂಡಿದಾಗ, ಆದಾಯಗಳ ಲಾಗರಿತಮ್ ಗಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸುತ್ತದೆ. 1976ರಲ್ಲಿ ಎಸ್. ಕೆ. ಸಿಂಗ್ ಮತ್ತು ಜಿ. ಎಸ್. ಮದ್ದಾಲ ಮಂಡಿಸಿದ ಸೂತ್ರವು ಕೆಳಭಾಗವನ್ನೂ ಮೇಲ್ತುದಿಯನ್ನೂ ಒಂದೇ ರೇಖೆಯಲ್ಲಿ ಹಿಡಿಯಲೆತ್ನಿಸಿತು.

ಇಲ್ಲೊಂದು ಗಂಭೀರ ಪ್ರಶ್ನೆಯಿದೆ. ತನ್ನ ಘಾತಾಂಕವು ದೇಶದಿಂದ ದೇಶಕ್ಕೆ ಹೆಚ್ಚು ಬದಲಾಗದುದನ್ನು ಕಂಡ ಪರೇಟೊ, ಹಂಚಿಕೆಯನ್ನು ತಿದ್ದುವುದು ಸುಲಭಸಾಧ್ಯವಲ್ಲವೆಂದು ಬಗೆದನು. ಮುಂದಿನ ಶತಮಾನದ ಅಂಕಿ ಅಂಶಗಳು ಅದನ್ನು ಅಲ್ಲಗಳೆದವು. ಅಮೆರಿಕದಲ್ಲಿ ತುದಿಯ ನೂರಕ್ಕೊಬ್ಬರ ಪಾಲು 1928ರಲ್ಲಿ ಒಟ್ಟು ಆದಾಯದ ಐದನೆಯ ಒಂದಂಶವನ್ನು ಮೀರಿತ್ತು. 1970ರ ದಶಕದಲ್ಲಿ ಸುಮಾರು ಹತ್ತನೆಯ ಒಂದಂಶಕ್ಕೆ ಇಳಿಯಿತು. ಅನಂತರ ಮತ್ತೆ ಏರಿತು. ರೇಖೆಯ ಆಕಾರ ಉಳಿದರೂ ಅದರ ಇಳಿಜಾರು ವಿಧಿಲಿಖಿತವಲ್ಲ. ತೆರಿಗೆ, ಶಿಕ್ಷಣ, ಕೂಲಿಯ ದರ ಇವೆಲ್ಲ ಅದನ್ನು ಬದಲಿಸಬಲ್ಲವು.

ಆದ್ದರಿಂದ ಸರಾಸರಿಯನ್ನು ಕಲಿಸುವ ಉಪಾಧ್ಯಾಯರು ಅದರ ಬೆನ್ನಿಗೇ ಮಧ್ಯಾಂಕವನ್ನೂ ಕಲಿಸಬೇಕು. ವಿದ್ಯಾರ್ಥಿವೇತನಕ್ಕೆ ಆದಾಯದ ಮಿತಿಯನ್ನು ಗೊತ್ತುಪಡಿಸುವ ದಾನಿಗಳೂ ಇದನ್ನು ನೆನೆಯುವುದು ಲೇಸು. ಸರಾಸರಿಯ ನೆರಳಿನಲ್ಲಿ ಮರೆಯಾಗುವ ಆ ಒಂಬತ್ತು ಮನೆಗಳಿಂದಲೂ ಮಕ್ಕಳು ಶಾಲೆಗೆ ಬರುತ್ತಾರೆ.