ಒಂದೇ ಬೇಸಿಗೆಯಲ್ಲಿ ಎರಡು ವರ್ಷದ ಕೆಲಸ: ಚಳಿ ನಾಡಿನ ದ್ರಾಕ್ಷಿ ಬಳ್ಳಿ

ಏಪ್ರಿಲ್ ಚಾಟ್ನಿ ಮುಗಿಸಿ ಕೂತಿದ್ದಾಗ ಪಕ್ಕದ ತೋಟದ ಕಾಕಾ ನನ್ನ ಮೊಬೈಲಿನಲ್ಲಿ ಜರ್ಮನಿಯ ದ್ರಾಕ್ಷಿ ತೋಟದ ವಿಡಿಯೋ ನೋಡಿ ಕೇಳಿದರು: "ತಮ್ಮಾ, ಅವರು ವರ್ಷಕ್ಕ ಒಂದ ಸಲ ಚಾಟ್ನಿ ಮಾಡಿ ಬೆಳಿ ತಗೀತಾರ. ನಾವ್ಯಾಕ ಎರಡ ಸಲ ಮಾಡಬೇಕು?" ಆವತ್ತು ಅರ್ಧಂಬರ್ಧ ಉತ್ತರ ಕೊಟ್ಟಿದ್ದೆ. ಪೂರ್ತಿ ಉತ್ತರ ಬೇಕು ಅಂದ್ರೆ ಆ ಬಳ್ಳಿ ಬೇಸಿಗೆ ಪೂರ್ತಿ ಏನು ಮಾಡುತ್ತದೆ ಅಂತ ನೋಡಬೇಕು.

ಮೊಸೆಲ್ ನದಿಯ ಕಣಿವೆಯನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಪಶ್ಚಿಮಕ್ಕಿದೆ, ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶ. ನಮ್ಮ ವಿಜಯಪುರ 17ರ ಹತ್ತಿರ. ಅಲ್ಲಿಯ ಮುಖ್ಯ ತಳಿ ರೀಸ್ಲಿಂಗ್, ಬಿಳಿ ವೈನ್ ಮಾಡುವ ದ್ರಾಕ್ಷಿ. ತೋಟಗಳು ನದಿ ದಂಡೆಯ ಕಡಿದಾದ ಗುಡ್ಡಗಳ ಮೇಲಿವೆ. ಬ್ರೆಮ್ ಎಂಬ ಊರಿನ ಕಾಲ್ಮಾಂಟ್ ಗುಡ್ಡದಲ್ಲಿ ಇಳಿಜಾರು ಕೆಲವು ಕಡೆ 60 ಡಿಗ್ರಿ ದಾಟುತ್ತದೆ, ಟ್ರ್ಯಾಕ್ಟರ್ ಮಾತೇ ಇಲ್ಲ. ಇಷ್ಟು ಕಷ್ಟಪಡುವುದು ಬಿಸಿಲಿಗಾಗಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಸೂರ್ಯನ ಕಿರಣ ನೆಟ್ಟಗೆ ಬೀಳುತ್ತದೆ. ನೆಲದ ತುಂಬ ಸ್ಲೇಟ್ ಕಲ್ಲು, ಹಿಂದೆ ನಾವು ಶಾಲೆಗೆ ಒಯ್ಯುತ್ತಿದ್ದ ಪಾಟಿಯ ಕಲ್ಲು. ಅದು ಹಗಲು ಕಾದು ರಾತ್ರಿ ಬಿಸಿ ಬಿಡುತ್ತದೆ. ನಾವು ಬಿಸಿಲು ತಪ್ಪಿಸಲು ನೆರಳು ಬಲೆ ಕಟ್ಟುತ್ತೇವೆ, ಅವರು ಬಿಸಿಲು ಹುಡುಕಿಕೊಂಡು ಗುಡ್ಡ ಹತ್ತುತ್ತಾರೆ!

ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಪೂರ್ತಿ ಮಲಗಿರುತ್ತದೆ. ಆಗಲೇ ಚಾಟ್ನಿ ಮುಗಿಸುತ್ತಾರೆ. ಕಡ್ಡಿಗಳನ್ನು ಬಗ್ಗಿಸಿ ಒಂಟಿ ಕಂಬಕ್ಕೆ ಹೃದಯದ ಆಕಾರದಲ್ಲಿ ಕಟ್ಟುವುದು ಅಲ್ಲಿಯ ಹಳೇ ಪದ್ಧತಿ. ದಿನದ ಸರಾಸರಿ ಉಷ್ಣತೆ 10 ಡಿಗ್ರಿ ದಾಟುತ್ತ ಬಂದಂತೆ, ಸಾಮಾನ್ಯವಾಗಿ ಏಪ್ರಿಲ್ ದ್ವಿತೀಯಾರ್ಧದಲ್ಲಿ, ಕಣ್ಣು ಒಡೆಯುತ್ತದೆ. ಭಯ ಶುರುವಾಗುವುದೂ ಆಗಲೇ. ಎಳೆ ಚಿಗುರಿಗೆ ಒಂದು ರಾತ್ರಿಯ ಹಿಮ ಸಾಕು, ಬೆಳಗ್ಗೆ ಎಲ್ಲಾ ಕರ್ರಗಾಗಿರುತ್ತದೆ. 2017 ಮತ್ತು 2024ರ ಏಪ್ರಿಲ್‌ನಲ್ಲಿ ಹೀಗೇ ಆಯಿತು. ದ್ರಾಕ್ಷಿಯ ಒಂದು ಕಣ್ಣಿನೊಳಗೆ ಸಾಮಾನ್ಯವಾಗಿ ಮೂರು ಮೊಗ್ಗು ಇರುತ್ತವೆ. ಮೊದಲನೆಯದು ಸತ್ತರೆ ಎರಡನೆಯದು ಏಳುತ್ತದೆ, ಆದರೆ ಅದರಲ್ಲಿ ಗೊನೆ ಕಡಿಮೆ. ಮೇ 11ರಿಂದ 15ರವರೆಗಿನ ದಿನಗಳನ್ನು ಅಲ್ಲಿಯವರು 'ಹಿಮದ ಸಂತರು' ಅಂತ ಕರೆಯುತ್ತಾರೆ. ಅವು ದಾಟಿದ ಮೇಲೇ ನೆಮ್ಮದಿ. ನಮ್ಮಲ್ಲಿ ಮಳೆ ನಕ್ಷತ್ರಗಳ ಲೆಕ್ಕ ಇದ್ದ ಹಾಗೆ.

ಮೇ ತಿಂಗಳ ಚಿಗುರು ಬೆಳೆಯುವುದು ಸಾಲದ ಮೇಲೆ. ಹೋದ ವರ್ಷ ಬೇರು, ಕಾಂಡದಲ್ಲಿ ಕೂಡಿಟ್ಟ ಪಿಷ್ಟವೇ ಬಂಡವಾಳ. ಐದಾರು ಎಲೆ ಬಲಿತ ಮೇಲೆ ಚಿಗುರು ನಿಧಾನಕ್ಕೆ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಹೆಚ್ಚಾದ ಚಿಗುರನ್ನು ಈ ಹಂತದಲ್ಲೇ ಕೈಯಿಂದ ಮುರಿದು ತೆಗೆಯುತ್ತಾರೆ.

ಜೂನ್‌ನಲ್ಲಿ ಹೂವು. ಹಗಲು 16 ಗಂಟೆ, ಬಳ್ಳಿ ಕಣ್ಣೆದುರೇ ಬೆಳೆಯುತ್ತದೆ ಅನ್ನಬೇಕು. ಹವೆ ಬೆಚ್ಚಗೆ, ಒಣಗಿ ಇದ್ದರೆ ಹೂವಿನ ಹಸಿರು ಟೋಪಿ ಕಳಚಿ ಬಿದ್ದು ಕಾಳು ಕಟ್ಟುತ್ತದೆ. ಚಳಿ ಮಳೆ ಹಿಡಿದರೆ ಟೋಪಿ ಅಂಟಿಕೊಂಡೇ ಉಳಿದು ಕಾಳು ಉದುರುತ್ತದೆ. ತೋಟದವರ ಕಣ್ಣೆಲ್ಲ ಹೂವಿನ ಮೇಲಿರುತ್ತದೆ.

ಆದರೆ ಅದೇ ವಾರಗಳಲ್ಲಿ, ಅದೇ ಚಿಗುರಿನ ಎಲೆ ಬುಡದ ಕಣ್ಣುಗಳಲ್ಲಿ ಇನ್ನೊಂದು ಕೆಲಸ ಶುರುವಾಗಿರುತ್ತದೆ. ಮುಂದಿನ ವರ್ಷದ ಗೊನೆ ಅಲ್ಲಿ ಹುಟ್ಟುತ್ತದೆ. ಕಣ್ಣಿನೊಳಗೆ ಮೂಡುವ ಆ ಸೂಕ್ಷ್ಮ ಅಂಕುರ ಗೊನೆಯೂ ಆಗಬಹುದು, ಬರೀ ಕುಡಿಬಳ್ಳಿಯೂ ಆಗಬಹುದು. ಎರಡರ ಮೂಲವೂ ಒಂದೇ. ಕಣ್ಣಿಗೆ ಬೆಳಕು, 25 ಡಿಗ್ರಿ ಮೇಲಿನ ಬೆಚ್ಚನೆ ಹವೆ, ಪಕ್ಕದ ಎಲೆಯಿಂದ ಊಟ ಸಿಕ್ಕರೆ ಗೊನೆ ಕಡೆ ವಾಲುತ್ತದೆ. ದಟ್ಟ ಎಲೆಯ ಕತ್ತಲಲ್ಲಿ ಕೂತರೆ ಕುಡಿಬಳ್ಳಿ. ಅಂದ್ರೆ ಮೋಡ ಕವಿದ, ಚಳಿಯ ಜೂನ್ ಬಂದರೆ ಮೊಸೆಲ್ ರೈತನಿಗೆ ಎರಡು ಏಟು: ಈ ವರ್ಷ ಕಾಳು ಕಡಿಮೆ, ಬರುವ ವರ್ಷ ಗೊನೆ ಕಡಿಮೆ.

ಜುಲೈನಲ್ಲಿ ತಂತಿ ಅಥವಾ ಕಂಬ ದಾಟಿದ ತುದಿ ಕತ್ತರಿಸುತ್ತಾರೆ. ಒಂದು ಕಿಲೋ ಹಣ್ಣು ಚೆನ್ನಾಗಿ ಮಾಗಲು ಹೆಚ್ಚುಕಡಿಮೆ ಒಂದು ಚದರ ಮೀಟರ್ ಎಲೆ ಬೇಕು, ಅದಕ್ಕಿಂತ ಕಡಿಮೆಯಾಗದ ಹಾಗೆ ನೋಡಿಕೊಳ್ಳಬೇಕು. ಗೊನೆ ಸುತ್ತಲಿನ ಎಲೆಯನ್ನು ಹೂವು ಮುಗಿದ ಕೂಡಲೇ, ಬೆಳಗಿನ ಬಿಸಿಲು ಬೀಳುವ ಬದಿಯಲ್ಲಿ ತೆಗೆಯುವುದು ಒಳ್ಳೆಯದು. ಎಳೆ ಕಾಳು ಬಿಸಿಲಿಗೆ ಹೊಂದಿಕೊಳ್ಳುತ್ತದೆ. ತಡವಾಗಿ ತೆಗೆದರೆ ಸುಡುತ್ತದೆ. 2019ರ ಜುಲೈ ಕೊನೆಯಲ್ಲಿ ಜರ್ಮನಿಯಲ್ಲಿ 40 ಡಿಗ್ರಿ ದಾಟಿದಾಗ ಎಷ್ಟೋ ತೋಟಗಳಲ್ಲಿ ರೀಸ್ಲಿಂಗ್ ಕಾಳು ಕಂದುಬಣ್ಣಕ್ಕೆ ತಿರುಗಿ ಒಣಗಿತು. ಚಳಿ ನಾಡು ಅನ್ನೋ ಮಾತು ಈಗ ಪೂರ್ತಿ ನಿಜವಲ್ಲ.

ದಾವಣಿ ರೋಗ ಅವರಿಗೂ ನಮ್ಮಷ್ಟೇ ಕಾಟ ಕೊಡುತ್ತದೆ. ಚಿಗುರು 10 ಸೆಂಟಿಮೀಟರ್, ಉಷ್ಣತೆ 10 ಡಿಗ್ರಿ, ಮಳೆ 10 ಮಿಲಿಮೀಟರ್, ಈ ಮೂರು ಹತ್ತು ಕೂಡಿದರೆ ಮೊದಲ ಸೋಂಕು ಅಂತ ಹಳೇ ಲೆಕ್ಕ. ಸಾವಯವದವರಿಗೂ ತಾಮ್ರ ಬೇಕೇ ಬೇಕು. ಆದರೆ ಯುರೋಪಿನ ನಿಯಮದಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಮಾತ್ರ. ಬೋರ್ಡೊ ದ್ರಾವಣವನ್ನು ಕೈಬಿಚ್ಚಿ ಹೊಡೆಯುವ ನಮ್ಮಂಥ ಸಾವಯವದವರೂ ಒಮ್ಮೆ ಲೆಕ್ಕ ಬರೆದಿಡೋದು ಒಳ್ಳೇದು.

ಆಗಸ್ಟ್‌ನಲ್ಲಿ ಕಾಳು ಮೆತ್ತಗಾಗುತ್ತದೆ, ಸಕ್ಕರೆ ಏರುತ್ತದೆ. ತುದಿಯ ಬೆಳವಣಿಗೆ ನಿಲ್ಲುತ್ತದೆ, ಹಸಿರು ಕಡ್ಡಿ ಬುಡದಿಂದ ಕಂದಾಗುತ್ತ ಬರುತ್ತದೆ. ರಾತ್ರಿ ತಂಪಿರುವುದರಿಂದ ಹುಳಿ ಬೇಗ ಕರಗುವುದಿಲ್ಲ, ರೀಸ್ಲಿಂಗ್ ರುಚಿಯ ಗುಟ್ಟು ಅದೇ. ಹೂವಿನಿಂದ ಸುಮಾರು ನೂರು ದಿನಕ್ಕೆ ಕೊಯ್ಲು. ಕೊಯ್ದ ಮೇಲೂ ಎಲೆ ದುಡಿದು ಬೇರಿಗೆ ಪಿಷ್ಟ ಇಳಿಸುತ್ತದೆ. ಆಮೇಲೆ ನಿದ್ದೆ.

ಈಗ ಕಾಕಾ ಅವರ ಪ್ರಶ್ನೆ. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆ ಇಲ್ಲ. ಹಣ್ಣು ಕೊಯ್ದ ಮೇಲೆ ಸುಮ್ಮನೆ ಬಿಟ್ಟರೆ ತನ್ನ ಪಾಡಿಗೆ ಚಿಗುರುತ್ತಲೇ ಇರುತ್ತದೆ. ಅಕ್ಟೋಬರ್ ಚಿಗುರಿನ ಕಣ್ಣುಗಳಿಗೆ ಸಿಗುವುದು ಸಣ್ಣ ಹಗಲು, ತಂಪು ರಾತ್ರಿ, ಜೊತೆಗೆ ಊಟ ಕಸಿಯುವ ಗೊನೆಗಳು. ಅದಕ್ಕೇ ಮೊಸೆಲ್ ಬಳ್ಳಿ ಜೂನ್‌ನಲ್ಲಿ ಒಟ್ಟಿಗೆ ಮಾಡುವ ಎರಡು ಕೆಲಸವನ್ನು ನಾವು ಬಿಡಿಸಿದ್ದೇವೆ: ಏಪ್ರಿಲ್ ಚಾಟ್ನಿಯಲ್ಲಿ ಕಣ್ಣಿನೊಳಗೆ ಗೊನೆ ಹುಟ್ಟಿಸುವುದು, ಅಕ್ಟೋಬರ್ ಚಾಟ್ನಿಯಲ್ಲಿ ಅದನ್ನು ಹೊರಗೆ ತರುವುದು.

ಏಪ್ರಿಲ್ ಚಿಗುರಿನಲ್ಲಿ ಹಣ್ಣು ಕಾಣದ್ದರಿಂದ ನಮಗೆ ಅಸಡ್ಡೆ. ನಾನು ಪದವಿಯಲ್ಲಿ ಇದನ್ನೆಲ್ಲ ಓದಿ ಅಂಕ ತೆಗೆದುಕೊಂಡವನೇ. ಆದರೂ ಸ್ವಂತ ತೋಟದಲ್ಲಿ ಎರಡನೇ ವರ್ಷ ಆಳು ಸಿಗಲಿಲ್ಲ ಅಂತ ಚಿಗುರು ತೆಗೆಸದೆ ಬಿಟ್ಟೆ, ಮೇಲಿಂದ ಸಗಣಿ ಗೊಬ್ಬರ ಜಾಸ್ತಿ. ಚಪ್ಪರದ ಕೆಳಗೆ ನಿಂತರೆ ಬಿಸಿಲಿನ ಚುಕ್ಕೆ ಕೂಡ ಇರಲಿಲ್ಲ, ನೋಡಿದವರು 'ಏನ್ ತೋಟ ಮಾಡೀರಿ' ಅಂದ್ರು. ನಾನೂ ಉಬ್ಬಿದೆ. ಜೂನ್ ಪೂರ್ತಿ ಮೋಡ. ಅಕ್ಟೋಬರ್ ಚಾಟ್ನಿ ಆಗಿ ಹದಿನೈದು ದಿನಕ್ಕೆ ಸಾಲು ಸಾಲು ಕುಡಿಬಳ್ಳಿ. ಆ ವರ್ಷ ಮಣೂಕದ ಶೆಡ್ ಖಾಲಿ ನಿಂತಿತು, ಬ್ಯಾಂಕಿನ ಕಂತಿಗೆ ಮನೆಯವಳ ಬಳೆ ಅಡ ಇಟ್ಟೆ.

ಈಗ ಐದಾರು ಎಲೆ ಆದ ಕೂಡಲೇ ಬಡಕಲು ಚಿಗುರು, ಒಂದರ ಮೇಲೊಂದು ಬಿದ್ದ ಚಿಗುರು ಎರಡನ್ನೂ ಮುರಿಯುತ್ತೇನೆ. ಚಾಟ್ನಿಯಾದ ನಲವತ್ತರಿಂದ ಅರವತ್ತನೇ ದಿನದ ನಡುವೆ ಮಧ್ಯಾಹ್ನ ಚಪ್ಪರದ ಕೆಳಗೆ ನಡೆದು ನೆಲದ ಮೇಲೆ ಬಿಸಿಲಿನ ಚುಕ್ಕೆ ಎಷ್ಟಿವೆ ನೋಡುತ್ತೇನೆ. ಆ ದಿನಗಳಲ್ಲಿ ಸಾರಜನಕ ಜಾಸ್ತಿ ಸಿಗುವ ಯಾವ ಗೊಬ್ಬರವನ್ನೂ ಕೊಡುವುದಿಲ್ಲ, ನೀರೂ ಹಿಡಿತದಲ್ಲಿ. ಸೆಪ್ಟೆಂಬರ್‌ನಲ್ಲಿ ತೋಟದ ಬೇರೆ ಬೇರೆ ಮೂಲೆಯಿಂದ ಕಡ್ಡಿ ಆರಿಸಿ ಪ್ರಯೋಗಾಲಯದಲ್ಲಿ ಕಣ್ಣು ಸೀಳಿ ನೋಡಿಸುತ್ತೇನೆ. ಎಷ್ಟನೇ ಕಣ್ಣಿನಲ್ಲಿ ಗೊನೆ ಇದೆಯೋ ಅದರ ಮೇಲೆ ಕತ್ತರಿ. ಈ ಸಲ ಕಾಕಾ ಕೂಡ ಅವರ ತೋಟದ ಕಡ್ಡಿ ಕಟ್ಟಿ ಕೊಡ್ತೀನಿ ಅಂದಿದಾರೆ.