ಹಾಸಿಗೆ ಹುಣ್ಣು: ಕಾರಣ, ತಡೆ, ಚಿಕಿತ್ಸೆ

ಪಾರ್ಶ್ವವಾಯುವಿನಿಂದಲೋ ಮೂಳೆ ಮುರಿತದಿಂದಲೋ ಹಾಸಿಗೆ ಹಿಡಿದವರನ್ನು ಕಾಡುವ ಎರಡನೆಯ ವ್ಯಾಧಿಯೇ ಹಾಸಿಗೆ ಹುಣ್ಣು. ದೇಹದ ಭಾರವು ಒಂದೇ ಕಡೆ ಬಿದ್ದಾಗ, ಮೂಳೆಗೂ ಹಾಸಿಗೆಗೂ ನಡುವೆ ಸಿಲುಕಿದ ಚರ್ಮಕ್ಕೆ ರಕ್ತಸಂಚಾರ ಕುಂದಿ ಆ ಭಾಗವು ಸಾಯತೊಡಗುತ್ತದೆ. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಗಳು ಇದರ ನೆಲೆಗಳು. ಮಲಮೂತ್ರದ ತೇವ, ಮಧುಮೇಹ, ಅಪೌಷ್ಟಿಕತೆಗಳು ಇದನ್ನು ಹೆಚ್ಚಿಸುತ್ತವೆ.

ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಮೊದಲ ಸೂಚನೆ. ಕಪ್ಪು ಮೈಬಣ್ಣದವರಲ್ಲಿ ಆ ಜಾಗದ ಬಿಸಿ, ಗಡಸುತನಗಳನ್ನು ಗಮನಿಸಬೇಕು. ಅಲ್ಲಿ ಸ್ಪಿರಿಟ್ ಹಚ್ಚಿ ತಿಕ್ಕುವ ಹಳೆಯ ರೂಢಿ ಹಾನಿಕರ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಪತಿಪತ್ನಿಯರಿಬ್ಬರೂ ದುಡಿಯುವ ನಗರದ ಮನೆಗಳಲ್ಲಿ ಆ ವೇಳೆಯನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸರದಿ ತಪ್ಪದು. ಗಾಳಿಹಾಸಿಗೆಯು ನೆರವಾದೀತು, ಆದರೆ ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸದು.

ಚರ್ಮ ಒಡೆದರೆ ವೈದ್ಯರಿಗೆ ತೋರಿಸಬೇಕು. ಸತ್ತ ಭಾಗವನ್ನು ತೆಗೆದು ಪಟ್ಟಿ ಕಟ್ಟುವುದು, ಬೇಳೆ, ಹಾಲು, ಮೊಟ್ಟೆಗಳಂತಹ ಪುಷ್ಟಿಕರ ಆಹಾರ, ಆಳವಾದ ಹುಣ್ಣಿಗೆ ಶಸ್ತ್ರಚಿಕಿತ್ಸೆ — ಇವು ಚಿಕಿತ್ಸಾಕ್ರಮಗಳು. ಕೀವು, ದುರ್ವಾಸನೆ, ಜ್ವರ ಕಂಡರೆ ತಡ ಸಲ್ಲದು. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಾಪಾಯವುಂಟು. ಇ.ಎಸ್.ಐ. ವಿಮೆಯುಳ್ಳ ನೌಕರರು ತಮ್ಮ ಅವಲಂಬಿತ ತಂದೆತಾಯಿಗಳನ್ನು ಸನತ್‌ನಗರದ ಇ.ಎಸ್.ಐ. ಆಸ್ಪತ್ರೆಗೆ ಕರೆದೊಯ್ಯಬಹುದು.